ಹೊಸ ಮೋಟರ್‌ಹೋಮ್ ತಗೊಳ್ಳುವಾಗ ಸಹಿಗೆ ಮೊದಲು ನೋಡಬೇಕಾದ್ದು

ಹೊಸ ಕಾರು ತಗೊಳ್ಳುವಾಗ ಬಣ್ಣ ನೋಡಿ, ಕೀಲಿ ಇಸ್ಕೊಂಡು ಮನೆಗೆ ಬರುತ್ತೇವೆ. ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ, ಮಲಗಬಹುದಾದ ಮನೆಗಾಡಿ, ಅದರ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಅದರ ಎಂಜಿನ್, ಚಾಸಿ (ಚಕ್ರದ ಮೇಲಿನ ತಳದ ಚೌಕಟ್ಟು) ಒಂದು ಕಂಪನಿಯದು. ಮೇಲಿನ ಮನೆಯನ್ನು ಕಟ್ಟುವವರು ಬೇರೆ. ಅಮೆರಿಕದ ಇಂಥ ಹೆಚ್ಚಿನ ಗಾಡಿಗಳು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ, ಬಹಳಷ್ಟು ಕೆಲಸ ಕೈಯಲ್ಲೇ ನಡೆಯುತ್ತದೆ. ಫ್ರಿಜ್ ಒಬ್ಬರದು, ಗೀಸರ್ ಇನ್ನೊಬ್ಬರದು, ಜನರೇಟರ್ ಮತ್ತೊಬ್ಬರದು. ನಮ್ಮಂಥ ಮಿಷಿಗನ್‌ನವರಿಗೆ ಎಲ್ಕ್‌ಹಾರ್ಟ್ ಹತ್ತಿರ. ಟೆಕ್ಸಾಸ್‌ನ ಡೀಲರ್ ಹತ್ತಿರ ನಿಂತಿರುವ ಗಾಡಿ ಸಾವಿರ ಮೈಲಿ ಕುಲುಕಾಡಿಕೊಂಡು ಬಂದಿರುತ್ತದೆ. ಸ್ಕ್ರೂ ಸಡಿಲವಾಗುತ್ತದೆ, ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಹಾಸನದಿಂದ ಬೇಸಿಗೆಗೆ ಬರುವ ಅತ್ತೆ-ಮಾವನಿಗಾಗಿಯೇ ನಾವು ಈ ಗಾಡಿ ತಗೊಂಡಿದ್ದು. ಮಾವನಿಗೆ ಮಂಡಿನೋವು, ದಾರಿಯಲ್ಲಿ ಬಾತ್‌ರೂಮ್ ಹತ್ತಿರವೇ ಇರಬೇಕು. ಅತ್ತೆ ಹೊರಗಿನ ಊಟ ಮುಟ್ಟುವುದಿಲ್ಲ. ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ, "ಕ್ಲಾಸ್ ಸಿ" ಅನ್ನುವ ನಮೂನೆಯ ಗಾಡಿ ನಮ್ಮದು. ವಯಸ್ಸಾದವರು ಕೂತು, ಮಲಗಿ, ಅಡುಗೆ ಮಾಡುವ ಜಾಗ ಅಂತ ನಾನು ಪ್ರತಿಯೊಂದನ್ನೂ ಮುಟ್ಟಿ ನೋಡಿದೆ. ನೀವೂ ನೋಡಿ. ಯಾಕೆಂದರೆ ದುಡ್ಡು ನಿಮ್ಮ ಕೈಯಲ್ಲಿ ಇರುವವರೆಗೂ ಡೀಲರ್ ನಿಮ್ಮ ರಿಪೇರಿಯನ್ನು ಮೊದಲು ಮಾಡಿಸುತ್ತಾರೆ. ಸಹಿ ಬಿದ್ದು, ಬ್ಯಾಂಕಿನ ದುಡ್ಡು ಅವರಿಗೆ ಸೇರಿದ ಮೇಲೆ ಸರ್ವೀಸ್ ಸಾಲಿನಲ್ಲಿ ನೀವೂ ಒಬ್ಬರು, ಅಷ್ಟೇ.

ಶನಿವಾರ ಬೇಡ, ಅವತ್ತು ಎಲ್ಲರಿಗೂ ಆತುರ. ವಾರದ ಮಧ್ಯೆ ಬೆಳಗ್ಗೆಯೇ ಸಮಯ ಕೇಳಿ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆನ್ ಮಾಡಿಡಲು, ನೀರು ಮತ್ತು ಗ್ಯಾಸ್ ತುಂಬಿಸಿಡಲು ಈಮೇಲ್‌ನಲ್ಲಿ ಬರೆದು ತಿಳಿಸಿ. ಡೀಲರ್ ಕಡೆಯವರು ಗಾಡಿ ಸುತ್ತಿಸಿ ತೋರಿಸುತ್ತಾರಲ್ಲ, ಅದು ಬಳಸುವುದನ್ನು ಕಲಿಸುವ ಪಾಠ, ತಪಾಸಣೆ ಅಲ್ಲ. ಅದು ಮುಗಿದ ಮೇಲೆ "ನಮ್ಮಷ್ಟಕ್ಕೆ ನಾವು ನೋಡ್ಕೋತೀವಿ, ಮೂರ್ನಾಲ್ಕು ಗಂಟೆ ಬೇಕು" ಅಂತ ಸಂಕೋಚವಿಲ್ಲದೆ ಹೇಳಿ. ಒಳ್ಳೆ ಟಾರ್ಚ್, ಟಿಶ್ಯೂ, ಸೋಪಿನ ನೀರಿನ ಸ್ಪ್ರೇ, ಪ್ಲಗ್ ಪಾಯಿಂಟ್ ಟೆಸ್ಟರ್, ಚಿಕ್ಕ ಥರ್ಮಾಮೀಟರ್, ಪೇಂಟರ್‌ಗಳು ಬಳಸುವ ನೀಲಿ ಟೇಪ್ ಜೊತೆಗಿರಲಿ. ದೋಷ ಕಂಡಲ್ಲಿ ಟೇಪ್ ಅಂಟಿಸಿ, ಫೋಟೋ ತೆಗೆದು, ಬರೆದುಕೊಳ್ಳಿ.

ಮೊದಲು ಮೇಲಿಂದ ಶುರು ಮಾಡಿ. ಮೋಟರ್‌ಹೋಮ್‌ಗಳನ್ನು ಹಾಳು ಮಾಡುವುದು ನೀರು. ಏಣಿ ಹತ್ತಿ ರೂಫ್ ಮೇಲಿನ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು ನೋಡಿ. ಫ್ಯಾನ್, ಎಸಿ, ಆಂಟೆನಾ ಸುತ್ತ, ಅಂಚುಗಳ ಉದ್ದಕ್ಕೂ ಎಲ್ಲೂ ಸೀಳು, ಸೂಜಿತೂತು, ಬಿಟ್ಟುಹೋದ ಜಾಗ ಇರಬಾರದು. ಕ್ಲಾಸ್ ಸಿ ಗಾಡಿಯಲ್ಲಿ ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಹಾಸಿಗೆ ಇರುತ್ತದೆ. ಅದರ ಮುಂದಿನ ಜೋಡಣೆಯಲ್ಲಿ ಸೋರಿಕೆ ಜಾಸ್ತಿ. ಒಳಗೆ ಹೋಗಿ ಹಾಸಿಗೆ ಎತ್ತಿ, ಮೂಲೆಗಳನ್ನು ಅಂಗೈಯಿಂದ ಒತ್ತಿ. ಮೆತ್ತಗಿದ್ದರೆ, ತಣ್ಣಗೆ ಒದ್ದೆ ಅನ್ನಿಸಿದರೆ ಆ ಗಾಡಿಯೇ ಬೇಡ. ಹೊರಗೋಡೆಗೆ ಟಾರ್ಚನ್ನು ತಾಗಿಸಿ ಓರೆಯಾಗಿ ಬೆಳಕು ಬಿಡಿ. ಎದುರಿನಿಂದ ಕಾಣದ ಉಬ್ಬು ಆಗ ಕಾಣುತ್ತದೆ. ಉಬ್ಬು ಇದೆ ಅಂದರೆ ಒಳಗಿನ ಪದರ ಬಿಟ್ಟಿದೆ ಅಂತ. ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಆಮೇಲೆ ನಲ್ಲಿ, ಪೈಪು. ಸುಮ್ನೆ ನಲ್ಲಿ ತಿರುಗಿಸಿ "ನೀರು ಬರ್ತಿದೆ" ಅಂದರೆ ಸಾಲದು. ಅಡುಗೆಮನೆಯ ಸಿಂಕ್ ತೂತು ಮುಚ್ಚಿ ಅಂಚಿನವರೆಗೆ ತುಂಬಿಸಿ. ಕೆಳಗಿನ ಬೀರು ಖಾಲಿ ಮಾಡಿ ಟಾರ್ಚ್ ಇಟ್ಟುಕೊಂಡು ಕೂರಿ. ಇನ್ನೊಬ್ಬರು ಮುಚ್ಚಳ ಎಳೆಯಲಿ. ಅಷ್ಟೂ ನೀರು ಒಟ್ಟಿಗೆ ಇಳಿಯುವಾಗ ಪೈಪಿನ ಬಾಗಿದ ಜಾಗಕ್ಕೆ ಟಿಶ್ಯೂ ಸುತ್ತಿ ಹಿಡಿಯಿರಿ. ನಮ್ಮ ಗಾಡಿಯಲ್ಲಿ ನಲ್ಲಿ ಬಿಟ್ಟಾಗ ಒಂದು ಹನಿಯೂ ಬಿದ್ದಿರಲಿಲ್ಲ. ಸಿಂಕ್ ತುಂಬಿಸಿ ಬಿಟ್ಟಾಗ ಟಿಶ್ಯೂ ಪೂರ್ತಿ ನೆನೆಯಿತು. ಬಿಚ್ಚಿಸಿ ನೋಡಿದರೆ ಒಳಗಿನ ವಾಶರ್ ಓರೆಯಾಗಿ ಕೂತಿತ್ತು. ಮೆಕ್ಯಾನಿಕ್ ಅಲ್ಲೇ ಸರಿ ಮಾಡಿದರು. ನೋಡದೆ ಬಿಟ್ಟಿದ್ದರೆ ಪಾತ್ರೆ ತೊಳೆದಾಗೆಲ್ಲ ಬೀರುವಿನ ತಳ ನೆನೆದು ಕೊಳೆಯುತ್ತಿತ್ತು. ಬಾತ್‌ರೂಮಿನ ಸಿಂಕಿಗೂ ಹೀಗೇ ಮಾಡಿ.

ನೀರಿನ ಪಂಪ್ ಆನ್ ಮಾಡಿ, ಎಲ್ಲ ನಲ್ಲಿ ಮುಚ್ಚಿ. ಪಂಪ್ ನಿಲ್ಲಬೇಕು, ನಿಂತೇ ಇರಬೇಕು. ಯಾರೂ ನಲ್ಲಿ ಮುಟ್ಟದೆ ಮತ್ತೆ ಗುರ್ರ್ ಅಂದರೆ ಎಲ್ಲೋ ಸೋರುತ್ತಿದೆ, ಅಥವಾ ಪಂಪಿನದೇ ತೊಂದರೆ. ಬಿಸಿನೀರು ಬರದಿದ್ದರೆ ಮೊದಲು ಗೀಸರ್ ಹಿಂದಿನ ಬೈಪಾಸ್ ವಾಲ್ವ್ ನೋಡಿಸಿ. ನೀರು ಗೀಸರಿಗೆ ಹೋಗದಂತೆ ಚಳಿಗಾಲಕ್ಕೆ ತಿರುಗಿಸಿದ್ದು ಹಾಗೇ ಉಳಿದಿರಬಹುದು. ಚಳಿಗಾಲ ಅಂದಾಗ ಇನ್ನೊಂದು ಮಾತು. ಜನವರಿಯಲ್ಲಿ ಮಿಷಿಗನ್, ಮಿನೆಸೋಟಾ ಕಡೆ ಪೈಪುಗಳು ಹೆಪ್ಪುಗಟ್ಟಿ ಒಡೆಯದಿರಲಿ ಅಂತ ಅವುಗಳ ತುಂಬ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ಇರುತ್ತದೆ. ನೀರಿನ ಪರೀಕ್ಷೆ ಆಗುವುದೇ ಇಲ್ಲ. ಬೆಲೆ ಕಡಿಮೆ ಸಿಕ್ಕರೂ ಡೆಲಿವರಿಯನ್ನು ಹಿಮ ಕರಗಿದ ಮೇಲೆ ಇಟ್ಟುಕೊಳ್ಳಿ.

ಗ್ಯಾಸ್ ಪರೀಕ್ಷೆಗೆ ಮೊದಲು ಒಲೆ ಹಚ್ಚಿ, ಪೈಪಿನಲ್ಲಿರುವ ಗಾಳಿ ಹೋಗುತ್ತದೆ. ಆಮೇಲೆ ಹೀಟರ್, ಗೀಸರ್. ಟ್ಯಾಂಕಿನ ಹತ್ತಿರದ ಜೋಡಣೆಗಳಿಗೆ ಸೋಪಿನ ನೀರು ಹೊಡೆಯಿರಿ, ಗುಳ್ಳೆ ಎದ್ದರೆ ಸೋರಿಕೆ. ಗ್ಯಾಸ್, ಕಾರ್ಬನ್ ಮೋನಾಕ್ಸೈಡ್, ಹೊಗೆ ಅಲಾರಂಗಳ ಟೆಸ್ಟ್ ಬಟನ್ ಒತ್ತಿ. ನಮ್ಮ ಅಡುಗೆಯವರಿಗೆ ಮುಖ್ಯವಾದದ್ದು ಒಲೆ ಮೇಲಿನ ಚಿಮಣಿ. ಎಷ್ಟೋ ಗಾಡಿಗಳಲ್ಲಿ ಅದರ ಹೊರಗಿನ ಮುಚ್ಚಳಕ್ಕೆ ಕ್ಲಿಪ್ ಹಾಕಿರುತ್ತಾರೆ. ಅದನ್ನು ತೆಗೆಯದಿದ್ದರೆ ಒಗ್ಗರಣೆ ಹೊಗೆಯೆಲ್ಲ ಒಳಗೇ. ಫ್ಯಾನ್ ಹಾಕಿ, ಹೊರಗೆ ನಿಂತು ಗಾಳಿ ಬರುತ್ತಿದೆಯಾ ಅಂತ ಕೈಯಿಟ್ಟು ನೋಡಿ.

ಕರೆಂಟ್ ಲೆಕ್ಕ ಗೊತ್ತಿರಲಿ. ಅಮೆರಿಕದ 120 ವೋಲ್ಟಿನಲ್ಲಿ 30 ಆಂಪ್ ಗಾಡಿಗೆ ಸಿಗುವುದು 3600 ವಾಟ್. 50 ಆಂಪ್ ಗಾಡಿಗೆ ಅಂಥ ಎರಡು ಲೈನ್ ಬರುವುದರಿಂದ 12000 ವಾಟ್. 1800 ವಾಟಿನ ಇಂಡಕ್ಷನ್ ಒಲೆ ಒಂದೇ 15 ಆಂಪ್ ತಿನ್ನುತ್ತದೆ. ಎಸಿ ಜೊತೆಗೆ ಅದನ್ನೂ ಮೈಕ್ರೋವೇವನ್ನೂ ಹಾಕಿದರೆ 30 ಆಂಪ್ ಬ್ರೇಕರ್ ಬೀಳುವುದು ಸಹಜ, ಅದು ದೋಷ ಅಲ್ಲ. ಎಲ್ಲ ಪ್ಲಗ್ ಪಾಯಿಂಟಿಗೂ ಟೆಸ್ಟರ್ ಹಾಕಿ. ಎಸಿಯನ್ನು ಅರ್ಧ ಗಂಟೆ ಓಡಿಸಿ, ಒಳಗೆ ಎಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಸುಮಾರು 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದೆಯಾ ನೋಡಿ. ಇದನ್ನು ಜನರೇಟರ್ ಮೇಲೂ ಓಡಿಸಿ. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದಾಗ ಜನರೇಟರ್ ನಿಂತರೆ ಗಾಬರಿ ಬೇಡ. ಅದೂ ಎಂಜಿನ್ನಿನ ಟ್ಯಾಂಕಿನಿಂದಲೇ ಕುಡಿಯುವುದರಿಂದ, ನೀವು ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ.

ಟೈರಿನ ಮೇಲೆ DOT ಅಂತ ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. 3224 ಅಂದರೆ 2024ರ 32ನೇ ವಾರ ತಯಾರಾದದ್ದು. ಒಳಗೆ ಅಂಟಿಸಿದ ತೂಕದ ಸ್ಟಿಕರ್ ಓದಿ. ಅಲ್ಲಿರುವ ಅಂಕಿಯೊಳಗೆ ಜನ, ಸಾಮಾನು ಎಲ್ಲ ಬರಬೇಕು. ನೀರು ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ ತುಂಬಿಸಿದರೆ 332 ಪೌಂಡ್ ಅಲ್ಲೇ ಹೋಯಿತು. ಬಾಗಿಲ ಪಕ್ಕದ ಹಿಡಿಯನ್ನು ಪೂರ್ತಿ ಭಾರ ಹಾಕಿ ಎಳೆಯಿರಿ. ಮಾವ ಹತ್ತುವುದು ಅದನ್ನೇ ನಂಬಿಕೊಂಡು.

ಸ್ಲೈಡ್‌ಔಟ್, ಅಂದರೆ ಹೊರಕ್ಕೆ ಚಾಚುವ ಕೋಣೆ. ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಹಲವು ಸಲ ಆಡಿಸಿ. ಎರಡೂ ತುದಿ ಸಮವಾಗಿ ಸರಿಯಬೇಕು. ಸುತ್ತಲಿನ ರಬ್ಬರ್ ಮಡಚಿಕೊಳ್ಳಬಾರದು. ನಮ್ಮದರ ಮೇಲಿನ ಮೂಲೆಯಲ್ಲಿ ರಬ್ಬರ್ ಹರಿದಿತ್ತು. ಬದಲಿ ರಬ್ಬರ್ ಡೀಲರ್ ಹತ್ತಿರ ಇರಲಿಲ್ಲ. "ಈಗ ತಗೊಂಡು ಹೋಗಿ, ಬಂದ ಮೇಲೆ ಫೋನ್ ಮಾಡ್ತೀವಿ" ಅಂದರು ಸೇಲ್ಸ್‌ನವರು. ನಮ್ಮ ಯಜಮಾನರು ಮೆಲ್ಲಗೆ ಪೆನ್ನು ಕೆಳಗಿಟ್ಟರು. "ಬರಲಿ, ಹಾಕಿ, ಆಮೇಲೆ ಸಹಿ ಮಾಡ್ತೀವಿ" ಅಂದೆವು. ಜಗಳವಾಡಲಿಲ್ಲ. ಅವರೂ ಗಾಡಿಯನ್ನು ಶೆಡ್ಡಿನೊಳಗೆ ಇಟ್ಟುಕೊಂಡರು. ರಬ್ಬರ್ ಹಾಕಿ, ಮೇಲಿಂದ ಪೈಪಿನಲ್ಲಿ ನೀರು ಬಿಟ್ಟು ನಮ್ಮೆದುರೇ ತೋರಿಸಿದ ಮೇಲೆ ಸಹಿ ಆಯಿತು.

ಪ್ರತಿ ದೋಷಕ್ಕೂ ಹೀಗೆ ಕಾಯಬೇಕಿಲ್ಲ. ಬೀರುವಿನ ಚಿಲಕ, ಪರದೆಯ ಕಂಬಿ, ಕಿತ್ತುಬಂದ ಪಟ್ಟಿ ಇವನ್ನೆಲ್ಲ ನಾವೇ ಸ್ಕ್ರೂಡ್ರೈವರ್ ಹಿಡಿದು ಸರಿ ಮಾಡಿಕೊಂಡೆವು. ರೂಫ್, ನೀರು, ಗ್ಯಾಸ್, ವೈರಿಂಗ್, ಸ್ಲೈಡ್‌ಔಟ್ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಏನಾದರೂ ಬಾಕಿ ಉಳಿಸಿ ಗಾಡಿ ತರಲೇಬೇಕಾದರೆ, ಡೀಲರ್ ಮಾಡಿಕೊಡಬೇಕಾದ ಕೆಲಸಗಳ ಪಟ್ಟಿಯನ್ನು ಬರೆಸಿಕೊಳ್ಳಿ. ಯಾವ ಕೆಲಸ, ಯಾರ ಖರ್ಚು, ಯಾವ ತಾರೀಖಿನೊಳಗೆ, ಕೆಳಗೆ ಮ್ಯಾನೇಜರ್ ಸಹಿ. "ನೋಡೋಣ" ಅನ್ನುವ ಮಾತು ಕಾಗದದಲ್ಲಿ ಬೇಡ. ಮತ್ತೆ ಮತ್ತೆ ಕೆಡುವ ಹೊಸ ಗಾಡಿ ಕೊಂಡವರನ್ನು ಕಾಯುವ ಲೆಮನ್ ಕಾನೂನು ಹಲವು ರಾಜ್ಯಗಳಲ್ಲಿ ಮೋಟರ್‌ಹೋಮ್‌ನ ಮನೆಯ ಭಾಗಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಈ ಕಾಗದವೇ ನಿಮ್ಮ ಆಸರೆ. ಇಷ್ಟೆಲ್ಲ ನೋಡಲು ನಿಮ್ಮಿಂದ ಆಗದಿದ್ದರೆ, ಎನ್‌ಆರ್‌ವಿಐಎ (ಇಂಥ ಗಾಡಿ ತಪಾಸಣೆ ಮಾಡುವವರ ರಾಷ್ಟ್ರೀಯ ಸಂಘ) ಸರ್ಟಿಫಿಕೇಟ್ ಇರುವ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿ. ಅವರ ಫೀಸನ್ನು ನೀವೇ ಕೊಡಿ, ಆಗ ಅವರು ನಿಮ್ಮ ಪರ ನೋಡುತ್ತಾರೆ.

ಮೊದಲ ರಾತ್ರಿ ದೂರ ಹೋಗಬೇಡಿ. ಡೀಲರ್ ಅಂಗಳದಲ್ಲೋ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲೋ ಉಳಿದು, ಅನ್ನ-ಸಾರು ಮಾಡಿ, ಸ್ನಾನ ಮಾಡಿ, ಹೀಟರ್ ಹಾಕಿ ಮಲಗಿ. ಕಂಡದ್ದನ್ನೆಲ್ಲ ಬರೆದು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕೊಡಿ. ಮುಂದೆ ಪ್ರತಿ ರಿಪೇರಿಗೂ, "ದೋಷ ಕಾಣಲಿಲ್ಲ" ಅಂತ ವಾಪಸ್ ಕಳಿಸಿದರೂ, ಕೆಲಸದ ಚೀಟಿಯ ಪ್ರತಿ ಇಸ್ಕೊಳ್ಳಿ. ಗಾಡಿ ಬಿಟ್ಟ ದಿನ, ತಂದ ದಿನ ಅದರಲ್ಲಿರಲಿ. ಚಾಸಿ ತೊಂದರೆಗೆ ಚಾಸಿ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಬೇಕು. ಫ್ರಿಜ್, ಎಸಿಗಳ ವಾರಂಟಿ ಬೇರೆ ಬೇರೆ, ಒಂದೊಂದನ್ನೂ ನೋಂದಾಯಿಸಿ. ಮನೆಯ ಭಾಗಕ್ಕೆ ಸಾಮಾನ್ಯವಾಗಿ ಒಂದೇ ವರ್ಷ ವಾರಂಟಿ. ಸರ್ವೀಸ್‌ಗೆ ದಿನ ಸಿಗುವುದು ತಡ, ಹಾಗಾಗಿ ಒಂಬತ್ತನೇ ತಿಂಗಳಲ್ಲೇ ಮತ್ತೊಮ್ಮೆ ಏಣಿ ಹತ್ತಿ ರೂಫಿನಿಂದ ಎಲ್ಲ ನೋಡಿ, ಪಟ್ಟಿ ಮಾಡಿ, ಫೋನ್ ಮಾಡಿ.