ತೆರಿಗೆ ವಿನಾಯಿತಿಯ ಲಾಭಾಂಶವನ್ನು ರಿಟರ್ನ್‌ನಲ್ಲಿ ತೋರಿಸಿದ ಬಗೆ: ನನ್ನ ಅನುಭವ

2019–20ರ ಹಣಕಾಸು ವರ್ಷದವರೆಗೆ ದೇಶೀಯ ಕಂಪನಿಗಳು ಲಾಭಾಂಶ ವಿತರಣಾ ತೆರಿಗೆಯನ್ನು ತಾವೇ ಕಟ್ಟುತ್ತಿದ್ದುದರಿಂದ, ಷೇರುದಾರರ ಕೈಸೇರಿದ ಮೊತ್ತಕ್ಕೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(34)ರಡಿ ವಿನಾಯಿತಿ ಇತ್ತು. ತೆರಿಗೆಯೇ ಇಲ್ಲದ ಮೇಲೆ ನಮೂದಿಸುವುದೇಕೆ ಎಂದು ಹಲವರು ಅದನ್ನು ಬಿಟ್ಟುಬಿಡುತ್ತಿದ್ದರು. ನಾನು ಬಿಡಲಿಲ್ಲ. ಆ ಹಣ ಕೂಡಿ ಮುಂದೆ ಆಸ್ತಿಯಾದಾಗ, ಅದರ ಮೂಲ ಯಾವುದೆಂಬ ಪ್ರಶ್ನೆಗೆ ಆಯಾ ವರ್ಷದ ರಿಟರ್ನೇ ಉತ್ತರವಾಗಬೇಕೆಂಬುದು ನನ್ನ ಎಣಿಕೆಯಾಗಿತ್ತು.

ಐಟಿಆರ್-2 ಎಂಬ ರಿಟರ್ನ್ ನಮೂನೆಯಲ್ಲಿ ವಿನಾಯಿತಿ ಪಡೆದ ಆದಾಯವನ್ನು ತೋರಿಸುವ ಭಾಗವಾದ ಷೆಡ್ಯೂಲ್ ಇಐ ತುಂಬುವ ಮೊದಲು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಲಾಭಾಂಶವೆಂದು ಜಮೆಯಾದ ಪ್ರತಿಯೊಂದು ಮೊತ್ತವನ್ನೂ ಡಿಮ್ಯಾಟ್ ಖಾತೆಯ ಷೇರುಗಳೊಂದಿಗೆ ತಾಳೆ ನೋಡಿ, ಕಂಪನಿವಾರು ಪಟ್ಟಿ ಮಾಡಿಕೊಳ್ಳುತ್ತಿದ್ದೆ. ನಿಜವಾದ ಕೆಲಸವಿದ್ದದ್ದು ಈ ಪಟ್ಟಿಯನ್ನು ಜರಡಿ ಹಿಡಿಯುವುದರಲ್ಲಿ. ಸಹಕಾರಿ ಸಂಘದ ಷೇರಿಗೆ ಬಂದ ಲಾಭಾಂಶವೂ ಪಾಸ್‌ಬುಕ್ಕಿನಲ್ಲಿ ಅದೇ ಹೆಸರಿನಲ್ಲಿ ಜಮೆಯಾಗುತ್ತದೆ; ಆದರೆ ಸಂಘವು ದೇಶೀಯ ಕಂಪನಿಯಲ್ಲವಾದ್ದರಿಂದ ಅದಕ್ಕೆ 10(34)ರ ರಕ್ಷಣೆ ಇರಲಿಲ್ಲ, ಮೊತ್ತ ಎಷ್ಟೇ ಚಿಕ್ಕದಿದ್ದರೂ ಅದನ್ನು ‘ಇತರೆ ಮೂಲಗಳ ಆದಾಯ’ಕ್ಕೆ ಸೇರಿಸಿ ತೆರಿಗೆ ಲೆಕ್ಕ ಹಾಕಬೇಕಿತ್ತು. ನಮ್ಮಲ್ಲಿ ಸಹಕಾರಿ ಸಂಘದ ಷೇರಿಲ್ಲದ ಮನೆಗಳು ಕಡಿಮೆಯಾದರೂ ಈ ಭೇದವನ್ನು ಗಮನಿಸುವವರು ಇನ್ನೂ ಕಡಿಮೆ. ವಿದೇಶಿ ಕಂಪನಿಗಳ ಲಾಭಾಂಶದ ಸ್ಥಿತಿಯೂ ಇದೇ. ಮ್ಯೂಚುವಲ್ ಫಂಡ್ ಯೂನಿಟ್‌ಗಳ ಲಾಭಾಂಶಕ್ಕೆ ವಿನಾಯಿತಿ ಇದ್ದದ್ದು 10(35)ರಡಿಯಾದ್ದರಿಂದ ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುತ್ತಿದ್ದೆ. ದೇಶೀಯ ಕಂಪನಿಗಳ ಲಾಭಾಂಶ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ ಹೆಚ್ಚುವರಿ ಮೊತ್ತಕ್ಕೆ ಶೇ 10ರ ತೆರಿಗೆಯೂ ಇತ್ತು, ನನಗೆ ಆ ಯೋಗ ಬರಲಿಲ್ಲ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು 2020ರ ಮಾರ್ಚ್–ಏಪ್ರಿಲ್ ಸಂಧಿಯಲ್ಲಿ. ಏಪ್ರಿಲ್ 1ರಿಂದ ವಿತರಣಾ ತೆರಿಗೆ ರದ್ದಾಗಿ ಲಾಭಾಂಶದ ತೆರಿಗೆ ಷೇರುದಾರರ ಹೆಗಲಿಗೆ ಬರಲಿದ್ದುದರಿಂದ ಅನೇಕ ಕಂಪನಿಗಳು ಅದಕ್ಕೂ ಮುನ್ನವೇ ಮಧ್ಯಂತರ ಲಾಭಾಂಶ ಘೋಷಿಸಿದ್ದವು. ಕಂಪನಿಯು ವಿತರಣಾ ತೆರಿಗೆ ಕಟ್ಟಿದ್ದರೆ, ಹಣ ಏಪ್ರಿಲ್‌ನಲ್ಲಿ ಕೈಸೇರಿದರೂ ವಿನಾಯಿತಿ ಉಳಿಯುತ್ತಿತ್ತು. ಆದ್ದರಿಂದ ಅಂತಹ ಜಮೆಗಳ ವಿಷಯದಲ್ಲಿ ಪಾಸ್‌ಬುಕ್ಕಿನ ದಿನಾಂಕವೊಂದನ್ನೇ ನೆಚ್ಚದೆ, ಘೋಷಣೆಯ ದಿನಾಂಕವನ್ನೂ ತೆರಿಗೆ ಕಟ್ಟಿದ ಬಗ್ಗೆ ಕಂಪನಿ ಕಳುಹಿಸಿದ ಸೂಚನಾಪತ್ರವನ್ನೂ ನೋಡಿ ತೀರ್ಮಾನಿಸಿದೆ. ಆ ಪತ್ರಗಳನ್ನು ಆ ವರ್ಷದ ರಿಟರ್ನ್ ಪ್ರತಿಯ ಜೊತೆಯಲ್ಲೇ ಇರಿಸಿದ್ದೇನೆ.