ಮೀಟಿದರೂ ನುಡಿಯಬಾರದ ತಂತಿಗಳು: ಸುಗಮ ಸಂಗೀತದ ಗಿಟಾರ್ ಸಾಥ್‌ನಲ್ಲಿ ನನ್ನ ಅನುಭವ

ಗಿಟಾರಿನಲ್ಲಿ ಡಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದಾಗ ಎಡಗೈಯ ಮೂರು ಬೆರಳುಗಳು ತೆಳುವಾದ ಮೂರು ತಂತಿಗಳನ್ನು ಒತ್ತಿರುತ್ತವೆ, ನಾಲ್ಕನೆಯ ತಂತಿ ಬೆರಳಿನ ಹಂಗಿಲ್ಲದೆ ಡಿ ಸ್ವರವನ್ನೇ ನುಡಿಯುತ್ತದೆ, ಐದನೆಯದು ಅದಕ್ಕೆ ಪಂಚಮವಾದ ಎ ಸ್ವರವನ್ನು ಕೊಡುತ್ತದೆ. ಉಳಿಯುವುದು ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿ. ಅದರ ಸ್ವರ ಇ, ಸೆಕೆಂಡಿಗೆ ಸುಮಾರು 82 ಕಂಪನಗಳು. ಡಿ ಸ್ವರವನ್ನು ಷಡ್ಜವೆಂದು ಹಿಡಿದು ಹಾಡುವವರಿಗೆ ಅದು ಮಂದ್ರದ ರಿಷಭ. ಷಡ್ಜವೋ ಪಂಚಮವೋ ಇರಬೇಕಾದ ಬುಡದಲ್ಲಿ ರಿಷಭ ಮೊಳಗಿದರೆ, ಮೇಲಿನ ಸ್ವರಗಳೆಲ್ಲ ಸರಿಯಾಗಿದ್ದರೂ ಕೇಳುವವರ ಕಿವಿಗೆ ಬೀಳುವುದು ಬೇರೆಯೇ ಕಾರ್ಡ್.

ನಾನು ಹಲವು ವರ್ಷಗಳಿಂದ ಭಾವಗೀತೆ, ವಚನ, ದಾಸರ ಪದಗಳನ್ನು ಹಾಡುವವರಿಗೆ ಅಕೂಸ್ಟಿಕ್ ಗಿಟಾರಿನಲ್ಲಿ ಸಾಥ್, ಅಂದರೆ ಪಕ್ಕವಾದ್ಯದ ಬೆಂಬಲ, ನೀಡುತ್ತ ಬಂದಿದ್ದೇನೆ. ಪಕ್ಕದಲ್ಲಿ ಹಾರ್ಮೋನಿಯಂ, ಎದುರಿಗೆ ತಬಲಾ, ಹಿನ್ನೆಲೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಎಡೆಬಿಡದ ಶ್ರುತಿ ಇರುವ ಈ ಮೇಳದಲ್ಲಿ ಬೇಡದ ತಂತಿಯೊಂದು ನುಡಿದರೆ ಅದು ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಇರುವ ಬ್ಯಾಂಡಿನಲ್ಲಿ ಅದು ಮುಚ್ಚಿಹೋದೀತು, ತಂಬೂರಿಯ ಎದುರಿಗೆ ಮುಚ್ಚಿಹೋಗದು. ಆದ್ದರಿಂದ ಓಪನ್ ತಂತಿಗಳನ್ನು, ಅಂದರೆ ಎಡಗೈ ಬೆರಳು ಒತ್ತಿರದ ತಂತಿಗಳನ್ನು, ತಡೆಯುವ ಕೆಲಸವನ್ನು ನಾನು ಕಾರ್ಡ್ ಹಿಡಿಯುವುದರಷ್ಟೇ ಮುಖ್ಯವೆಂದು ತಿಳಿದು ಅಭ್ಯಾಸ ಮಾಡಿದ್ದೇನೆ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಡಿ ಕಾರ್ಡಿಗೆ ನಾಲ್ಕು ತಂತಿಗಳನ್ನಷ್ಟೇ, ಸಿ ಮತ್ತು ಎ ಕಾರ್ಡುಗಳಿಗೆ ಐದನ್ನಷ್ಟೇ ಮೀಟಬೇಕು ಎಂಬುದು. ನಿಧಾನವಾಗಿ ಒಂದೊಂದೇ ಸಲ ಮೀಟುವಾಗ ಇದು ಸಾಧ್ಯ. ಆದರೆ ತಂತಿಗಳನ್ನು ಒಟ್ಟಿಗೆ ಸವರಿ ಮೀಟುವ ಸ್ಟ್ರಮ್ಮಿಂಗ್‌ನ ಜೀವವಿರುವುದು ಬಲಗೈ ಮಣಿಕಟ್ಟಿನ ಸಡಿಲವಾದ ತೂಗಾಟದಲ್ಲಿ. ಪ್ರತಿ ಕಾರ್ಡಿಗೂ ಆ ತೂಗಾಟದ ಅಳತೆಯನ್ನು ಬದಲಿಸುತ್ತ, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇಲ್ಲಿಂದ ಇಳಿಯಬೇಕೋ ಅಲ್ಲಿಂದಲೋ ಎಂದು ಗುರಿ ಹಿಡಿಯುತ್ತ ಕುಳಿತರೆ ಮಣಿಕಟ್ಟು ಬಿಗಿಯುತ್ತದೆ, ಲಯ ಕುಂಟುತ್ತದೆ. ಬಲಗೈ ಆರೂ ತಂತಿಗಳ ಮೇಲೆ ನಿಶ್ಚಿಂತೆಯಿಂದ ಹರಿದಾಡಬೇಕು, ನುಡಿಯಬಾರದ ತಂತಿಯನ್ನು ಎಡಗೈ ಮೊದಲೇ ತಡೆದಿಟ್ಟಿರಬೇಕು ಎಂಬುದೇ ನಾನು ಅನುಸರಿಸಿದ ದಾರಿ.

ಇದಕ್ಕೆ ಇನ್ನೂ ಒಂದು ಕಾರಣವಿದೆ. ಮೀಟದೆ ಬಿಟ್ಟ ತಂತಿಯೂ ಸುಮ್ಮನಿರುವುದಿಲ್ಲ. ಎ ಮೈನರ್ ಕಾರ್ಡಿನಲ್ಲಿ ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ (ಕುತ್ತಿಗೆಯ ಅಡ್ಡ ಕಂಬಿಗಳ ನಡುವಿನ ಮನೆ) ಒತ್ತಿದ ಇ ಸ್ವರವು ಆರನೆಯ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರುವುದರಿಂದ, ಅದನ್ನು ಮೀಟಿದೊಡನೆ ಆರನೆಯ ತಂತಿ ತಾನಾಗಿಯೇ ಕಂಪಿಸತೊಡಗುತ್ತದೆ. ಸಿತಾರಿನಲ್ಲಿ ಮೀಟದೆಯೇ ಅನುರಣಿಸುವ ತರಬ್ ತಂತಿಗಳು ನುಡಿಯುವುದೂ ಇದೇ ತತ್ತ್ವದಿಂದ. ಸಿತಾರಿನಲ್ಲಿ ಆ ತಂತಿಗಳನ್ನು ರಾಗಕ್ಕೆ ತಕ್ಕಂತೆ ಶ್ರುತಿ ಮಾಡಿಕೊಳ್ಳುತ್ತಾರೆ, ಗಿಟಾರಿನ ತಂತಿಗಳಿಗೆ ನಾವು ರಾಗವನ್ನು ಹೇಳಿಕೊಟ್ಟಿರುವುದಿಲ್ಲ. ಪಿಕ್ ಎಷ್ಟೇ ಗುರಿಯಿಟ್ಟು ಚಲಿಸಿದರೂ ಈ ಅನುರಣನವನ್ನು ತಡೆಯಲಾರದು. ಬೆರಳು ತಾಗಿದರೆ ಮಾತ್ರ ಅದು ನಿಲ್ಲುತ್ತದೆ.

ಸಿ ಮೇಜರ್‌ನಲ್ಲಿ ಉಂಗುರ ಬೆರಳು ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿರುತ್ತದೆ. ಆ ಬೆರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರೆ ಅದರ ತುದಿ ಆರನೆಯ ತಂತಿಯ ಅಂಚಿಗೆ ತಾಗುತ್ತದೆ. ಒತ್ತಬಾರದು, ತಾಗಿದರೆ ಸಾಕು. ಬಿ ಸೆವೆನ್‌ನಲ್ಲಿ ಐದನೆಯ ತಂತಿಯ ಎರಡನೆಯ ಫ್ರೆಟ್ಟನ್ನು ಒತ್ತಿರುವ ನಡುಬೆರಳು, ಬಿ ಮೈನರ್ ಬಾರ್ ಕಾರ್ಡಿನಲ್ಲಿ (ಒಂದೇ ಬೆರಳನ್ನು ಮಲಗಿಸಿ ಹಲವು ತಂತಿಗಳನ್ನು ಒತ್ತುವ ಕಾರ್ಡ್) ತೋರುಬೆರಳಿನ ತುದಿ ಇದೇ ಕೆಲಸವನ್ನು ಮಾಡುತ್ತವೆ. ಜಿ ಮೇಜರ್‌ನಲ್ಲಿ ನಾನು ಐದನೆಯ ತಂತಿಯನ್ನು ಒತ್ತುವುದನ್ನೇ ಬಿಟ್ಟಿದ್ದೇನೆ. ಆರನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿರುವ ನಡುಬೆರಳನ್ನು ಸ್ವಲ್ಪ ಓರೆ ಮಾಡಿ ಅದರ ಮೈಯಿಂದಲೇ ಐದನೆಯದನ್ನು ತಡೆಯುತ್ತೇನೆ. ತಗ್ಗಿನ ಸ್ಥಾಯಿಯಲ್ಲಿ ಷಡ್ಜದ ಮಗ್ಗುಲಿಗೇ ಗಾಂಧಾರ ಕೂತರೆ ನಾದ ಕಲಕಿದಂತಾಗುತ್ತದೆ, ಅದನ್ನು ತೆಗೆದರೆ ಗಾಯಕರ ದನಿಗೆ ಜಾಗ ಸಿಗುತ್ತದೆ.

ಡಿ ಕಾರ್ಡಿನಲ್ಲಿ ಈ ಉಪಾಯ ನಡೆಯದು, ಏಕೆಂದರೆ ಆರನೆಯ ತಂತಿಯ ಹತ್ತಿರ ಯಾವ ಬೆರಳೂ ಇಲ್ಲ. ಅಲ್ಲಿ ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯ ಮೇಲಂಚಿನಿಂದ ಈಚೆಗೆ ತಂದು ಅದರ ಮೆತ್ತನೆಯ ಭಾಗವನ್ನು ಆರನೆಯ ತಂತಿಗೆ ತಾಗಿಸಬೇಕಾಗುತ್ತದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ನಟ್ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಬಳಿ ಕುತ್ತಿಗೆಯ ಅಗಲ ಸುಮಾರು 43 ಮಿಲಿಮೀಟರ್ ಇರುವುದರಿಂದ ಇದು ಹೆಚ್ಚಿನವರಿಗೆ ಸಾಧ್ಯ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಆ ಅಗಲ ಸುಮಾರು 52 ಮಿಲಿಮೀಟರ್, ಅಲ್ಲಿ ಸಣ್ಣ ಕೈಯವರಿಗೆ ಕಷ್ಟ. ಹೆಬ್ಬೆರಳು ಕುತ್ತಿಗೆಯ ಹಿಂದೆಯೇ ಇರಬೇಕೆಂಬ ಕ್ಲಾಸಿಕಲ್ ಶಿಕ್ಷಣದ ನಿಯಮ ಬೆರಳುಗಳಿಂದ ಒಂದೊಂದೇ ತಂತಿಯನ್ನು ಆರಿಸಿ ಮೀಟುವ ಪದ್ಧತಿಗೆ ಸರಿಹೊಂದುವಂಥದ್ದು. ಆರೂ ತಂತಿಗಳನ್ನು ಸವರಿಹೋಗುವ ಸಾಥ್‌ಗೆ ಅದನ್ನು ಹೇರುವುದು ನನಗೆ ಒಪ್ಪಿಗೆಯಿಲ್ಲ. ಹೆಬ್ಬೆರಳು ಎಟುಕದವರು ಬಲಗೈ ಹೆಬ್ಬೆರಳಿನ ಪಕ್ಕದ ದಿಂಡನ್ನು ಆರನೆಯ ತಂತಿಯ ಮೇಲೆ, ತಂತಿಗಳನ್ನು ಪೆಟ್ಟಿಗೆಗೆ ಕಟ್ಟಿರುವ ಬ್ರಿಡ್ಜಿನ ಸಮೀಪ, ಹಗುರವಾಗಿ ಒರಗಿಸಿಕೊಳ್ಳಬಹುದು. ಆದರೆ ವೇಗದ ಹಾಡಿನಲ್ಲಿ ಅದು ನಿಲ್ಲುವುದಿಲ್ಲ.

ತಾಗಿಸುವ ಜಾಗವೂ ಮುಖ್ಯ. ತಂತಿಯ ಉದ್ದದ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳು ಕ್ರಮವಾಗಿ 12, 7 ಮತ್ತು 5ನೆಯ ಫ್ರೆಟ್ ಕಂಬಿಗಳ ನೇರಕ್ಕೆ ಬರುತ್ತವೆ. ಅಲ್ಲಿ ಒಂದೇ ಬೆರಳಿನಿಂದ ಹಗುರವಾಗಿ ಮುಟ್ಟಿದರೆ ತಂತಿ ಮೌನವಾಗುವ ಬದಲು ಹಾರ್ಮೋನಿಕ್ ಎಂಬ ಮೇಲಿನ ಸ್ವರವನ್ನು ಸ್ಪಷ್ಟವಾಗಿ ನುಡಿಯುತ್ತದೆ. ಸಾಧ್ಯವಾದಲ್ಲೆಲ್ಲ ತಂತಿಗೆ ಎರಡು ಕಡೆ ಸ್ಪರ್ಶವಿರುವಂತೆ, ಇಲ್ಲವೇ ಬೆರಳಿನ ಅಗಲವಾದ ಮೈ ತಾಗುವಂತೆ ನೋಡಿಕೊಳ್ಳುತ್ತೇನೆ. ಶ್ರುತಿ ಏರಿಸಲು ಕುತ್ತಿಗೆಗೆ ಕೇಪೋ ಎಂಬ ಹಿಡಿಕೆ ಹಾಕಿದಾಗ ಈ ಸ್ಥಾನಗಳನ್ನು ಕೇಪೋದಿಂದ ಮುಂದಕ್ಕೆ ಎಣಿಸಿಕೊಳ್ಳಬೇಕು.

ರಾಗಾಧಾರಿತ ಹಾಡುಗಳಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನನ್ನ ಕೈಗೆ ಅತಿ ಹೆಚ್ಚು ಪಾಠ ಕಲಿಸಿದ ರಾಗ ಹಿಂದೋಳ. ಹಿಂದುಸ್ತಾನಿಯಲ್ಲಿ ಮಾಲ್‌ಕೌಂಸ್ ಎನಿಸಿಕೊಳ್ಳುವ ಈ ರಾಗದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ ಇಷ್ಟೇ. ಗಾಯಕರು ಬಿಳಿ ಎರಡರಲ್ಲಿ, ಅಂದರೆ ಡಿ ಶ್ರುತಿಯಲ್ಲಿ ಹಾಡುತ್ತಾರೆಂದುಕೊಳ್ಳೋಣ. ಆಗ ರಾಗದ ಸ್ವರಗಳು ಡಿ, ಎಫ್, ಜಿ, ಬಿ ಫ್ಲ್ಯಾಟ್ ಮತ್ತು ಸಿ. ಗಿಟಾರಿನ ಓಪನ್ ತಂತಿಗಳ ಪೈಕಿ ಡಿ ಷಡ್ಜ, ಜಿ ಮಧ್ಯಮ, ಇವೆರಡು ಮಾತ್ರ ರಾಗದೊಳಗಿವೆ. ಎರಡು ಇ ತಂತಿಗಳು ರಿಷಭ, ಎ ತಂತಿ ಪಂಚಮ, ಬಿ ತಂತಿ ಚತುಶ್ರುತಿ ಧೈವತ. ಆರರಲ್ಲಿ ನಾಲ್ಕು ತಂತಿಗಳು ವರ್ಜ್ಯ ಸ್ವರಗಳನ್ನೇ ನುಡಿಯಲು ಕಾದು ಕುಳಿತಿವೆ. ಮಾಲ್‌ಕೌಂಸ್ ಹಾಡುವಾಗ ತಂಬೂರಿಯ ಪಂಚಮದ ತಂತಿಯನ್ನೇ ಮಧ್ಯಮಕ್ಕೆ ಇಳಿಸಿಕೊಳ್ಳುವ ಪದ್ಧತಿಯಿರುವಾಗ, ಸಾಥ್‌ನವನು ಪ್ರತಿ ಮೀಟಿಗೂ ಪಂಚಮವನ್ನು ಮೊಳಗಿಸುವುದು ಸಲ್ಲದು.

ಹೀಗಾಗಿ ಡಿ ಮೈನರ್ ಕಾರ್ಡನ್ನು ಇಲ್ಲಿ ಪೂರ್ತಿಯಾಗಿ ಬಿಡಬೇಕಾಗುತ್ತದೆ, ಅದರೊಳಗೇ ಪಂಚಮವಿದೆ. ನಾನು ಆರಿಸಿಕೊಂಡದ್ದು ಜಿ ಮೈನರ್ ಸೆವೆನ್ ಮತ್ತು ಬಿ ಫ್ಲ್ಯಾಟ್ ಮೇಜರ್. ಮೊದಲನೆಯದರಲ್ಲಿ ಮಧ್ಯಮ, ಧೈವತ, ಷಡ್ಜ, ಗಾಂಧಾರಗಳಿವೆ, ಎರಡನೆಯದರಲ್ಲಿ ಧೈವತ, ಷಡ್ಜ, ಗಾಂಧಾರ. ಎರಡೂ ರಾಗದ ಗೆರೆ ದಾಟುವುದಿಲ್ಲ. ಜಿ ಮೈನರ್ ಸೆವೆನ್‌ಗೆ ನಡುಬೆರಳಿನಿಂದ ಆರನೆಯ ತಂತಿಯ ಮೂರನೆಯ ಫ್ರೆಟ್ಟನ್ನೂ ಉಂಗುರ ಬೆರಳನ್ನು ಮಲಗಿಸಿ ನಾಲ್ಕು, ಮೂರು, ಎರಡನೆಯ ತಂತಿಗಳ ಮೂರನೆಯ ಫ್ರೆಟ್ಟನ್ನೂ ಒತ್ತುತ್ತೇನೆ. ನಡುಬೆರಳಿನ ಮೈ ಐದನೆಯ ತಂತಿಯ ಪಂಚಮವನ್ನು ತಡೆಯುತ್ತದೆ, ಉಂಗುರ ಬೆರಳಿನ ಕೆಳಭಾಗ ಮೊದಲನೆಯ ತಂತಿಗೆ ಬರಿದೇ ತಾಗಿಕೊಂಡು ರಿಷಭವನ್ನು ತಡೆಯುತ್ತದೆ. ಬಿ ಫ್ಲ್ಯಾಟ್‌ಗೆ ಹೋಗುವಾಗ ಉಂಗುರ ಬೆರಳು ಅಲ್ಲೇ ಇರುತ್ತದೆ. ನಡುಬೆರಳನ್ನು ಎತ್ತಿ ತೋರುಬೆರಳನ್ನು ಐದನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿಟ್ಟರೆ ಅದರ ತುದಿ ಆರನೆಯ ತಂತಿಯನ್ನು ಸುಮ್ಮನಾಗಿಸುತ್ತದೆ. ಬಲಗೈ ಆರೂ ತಂತಿಗಳನ್ನು ಸವರುತ್ತಿದ್ದರೂ ಕೇಳಿಸುವುದು ನಾಲ್ಕೇ ಸ್ವರ, ನಾಲ್ಕೂ ಹಿಂದೋಳದವು. ಇದು ಮೊದಲ ಸಲ ಶುದ್ಧವಾಗಿ ಬಂದಾಗ ನನಗಾದ ಸಂತೋಷ ಯಾವ ಕಷ್ಟದ ಸೋಲೋ ನುಡಿಸಿದಾಗಲೂ ಆಗಿಲ್ಲ.

ಕರಿ ಐದರಲ್ಲಿ, ಅಂದರೆ ಎ ಶಾರ್ಪ್‌ನಲ್ಲಿ ಹಾಡುವ ಗಾಯಕಿಯರಿಗೆ ಇದೇ ರಾಗವನ್ನು ನುಡಿಸುವುದು ಬಹಳ ಹಗುರ. ಕೇಪೋವನ್ನು ಮೊದಲ ಫ್ರೆಟ್ಟಿಗೆ ಹಾಕಿ ಎ ಸ್ವರವನ್ನು ಷಡ್ಜವೆಂದು ಭಾವಿಸಿದರೆ ಡಿ ಮೈನರ್ ಸೆವೆನ್ ಮತ್ತು ಎಫ್ ಮೇಜರ್ ಆಕಾರಗಳು ಸಾಕಾಗುತ್ತವೆ. ಐದನೆಯ ಓಪನ್ ತಂತಿ ಷಡ್ಜ, ನಾಲ್ಕನೆಯದು ಮಧ್ಯಮ. ತಡೆಯಬೇಕಾದದ್ದು ಪಂಚಮ ನುಡಿಯುವ ಆರನೆಯ ತಂತಿಯೊಂದನ್ನೇ, ಅದಕ್ಕೆ ಹೆಬ್ಬೆರಳಿದೆ. ಹಾಡು ನಿಗದಿಯಾದ ಕೂಡಲೇ ನಾನು ಮೊದಲು ಲೆಕ್ಕ ಹಾಕುವುದು ಇದನ್ನೇ: ಯಾವ ಕೇಪೋ ಸ್ಥಾನದಲ್ಲಿ ರಾಗಕ್ಕೆ ಸೇರದ ಓಪನ್ ತಂತಿಗಳು ಅತಿ ಕಡಿಮೆ ಎಂದು. ಬೆರಳಿಗೆ ಸುಲಭವಾದ ಕಾರ್ಡ್ ಯಾವುದೆಂಬ ಪ್ರಶ್ನೆ ಆಮೇಲಿನದು.

ಇಷ್ಟು ಹೇಳಿದ್ದು ಕಾರ್ಡಿಗೆ ಸೇರದ ತಂತಿಗಳ ಮಾತು. ಕಾರ್ಡಿಗೆ ಸೇರಿದ ತಂತಿಗಳನ್ನೂ ಲಯಕ್ಕಾಗಿ ನಿಲ್ಲಿಸಬೇಕಾದ ಸಂದರ್ಭಗಳಿವೆ. ಕೆಹರ್ವಾ ತಾಳದ ಎಂಟು ಮಾತ್ರೆಗಳಲ್ಲಿ, ಧಾ ಗೆ ನಾ ತಿ, ನಾ ಕ ಧಿ ನಾ ಎಂಬ ಠೇಕಾದಲ್ಲಿ, ಐದನೆಯ ಮಾತ್ರೆ ಖಾಲಿ, ಅಂದರೆ ತಾಳದ ಹಗುರ ಭಾಗ. ಅಲ್ಲಿಂದ ಡಗ್ಗದ (ತಬಲಾ ಜೋಡಿಯ ದೊಡ್ಡ, ಮಂದ್ರದ ವಾದ್ಯ) ಗುಂಗು ನಿಂತು ಏಳನೆಯ ಮಾತ್ರೆಯ ಧಿ ಯಲ್ಲಿ ಮತ್ತೆ ಮೂಡುತ್ತದೆ. ಆ ಎರಡು ಮಾತ್ರೆಗಳಲ್ಲಿ ಗಿಟಾರಿನ ದಪ್ಪ ತಂತಿಗಳು ಗುಂಯ್‌ಗುಡುತ್ತಿದ್ದರೆ ತಬಲಾದವರು ಎಷ್ಟು ಚೆನ್ನಾಗಿ ನುಡಿಸಿದರೂ ಖಾಲಿ ಕೇಳಿಸುವುದೇ ಇಲ್ಲ. ಬಾರ್ ಕಾರ್ಡಿನಲ್ಲಿ ಬೆರಳುಗಳ ಒತ್ತಡವನ್ನು ಸಡಿಲಿಸಿದರೆ ಎಲ್ಲ ತಂತಿಗಳೂ ಒಟ್ಟಿಗೆ ನಿಲ್ಲುತ್ತವೆ. ಎ ಮೈನರ್, ಸಿ ಮುಂತಾದ ಓಪನ್ ಕಾರ್ಡುಗಳಲ್ಲಿ ಹಾಗೆ ಸಡಿಲಿಸಿದರೆ ಒತ್ತಿದ ತಂತಿಗಳಷ್ಟೇ ನಿಂತು ಉಳಿದವು ಮುಂದುವರಿಯುತ್ತವೆ. ಆದ್ದರಿಂದ ಒತ್ತಡ ಬಿಡುವ ಕ್ಷಣದಲ್ಲೇ ಎಡಗೈ ಕಿರುಬೆರಳನ್ನು ಚಪ್ಪಟೆಯಾಗಿ ಎಲ್ಲ ತಂತಿಗಳ ಮೇಲೂ ಮಲಗಿಸುತ್ತೇನೆ. ಕಿರುಬೆರಳು ಕಾರ್ಡಿನಲ್ಲೇ ತೊಡಗಿರುವಾಗ ಬಲಗೈಯ ಅಂಚನ್ನು ತಂತಿಗಳ ಮೇಲಿಳಿಸಿ ಅದೇ ಚಲನೆಯಲ್ಲಿ ಪಿಕ್ ಸವರುತ್ತೇನೆ. ಆಗ ಹೊರಡುವ ಸ್ವರವಿಲ್ಲದ ಚುಕ್ ಸದ್ದು ಖಾಲಿಯ ನಾ ಜೊತೆ ಕೂಡಿಕೊಳ್ಳುತ್ತದೆ.

ಅಭ್ಯಾಸವನ್ನು ನಾನು ಮೌನದಿಂದ ಆರಂಭಿಸುತ್ತೇನೆ. ಕಾರ್ಡಿನ ಆಕಾರದಲ್ಲಿ ಬೆರಳುಗಳನ್ನು ಇಟ್ಟು, ಒತ್ತದೆ, ಆರೂ ತಂತಿಗಳು ಟಕ್ ಎನ್ನುವಂತೆ ಮಾಡಿಕೊಂಡು, ಮೆಟ್ರೊನೋಮ್ 60ರಲ್ಲಿ ಕೆಲವು ಆವರ್ತ ಸ್ಟ್ರಮ್ ಮಾಡುತ್ತೇನೆ. ಆಮೇಲೆ ಬೇಕಾದ ತಂತಿಗಳನ್ನಷ್ಟೇ ಒತ್ತಿ ಒಂದೊಂದಾಗಿ ನಾದಕ್ಕೆ ತರುತ್ತೇನೆ. ನುಡಿಯುವ ತಂತಿಗಳಷ್ಟೇ ಶ್ರದ್ಧೆಯಿಂದ ನುಡಿಯದ ತಂತಿಗಳನ್ನೂ ಬಿಡಿಬಿಡಿಯಾಗಿ ಮೀಟಿ ಪರೀಕ್ಷಿಸುತ್ತೇನೆ. ಫೋನಿನಲ್ಲಿ ಧ್ವನಿಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿದರೆ, ನುಡಿಸುವಾಗ ಕಿವಿಗೆ ಬೀಳದ ಮಂದ್ರದ ಗುಂಗು ಸ್ಪಷ್ಟವಾಗಿ ಗೊತ್ತಾಗುತ್ತದೆ.

ವೇದಿಕೆಯಲ್ಲಿ ಗಿಟಾರಿನ ನಾದ ಪಿಕಪ್ (ಗಿಟಾರಿಗೆ ಜೋಡಿಸಿದ ಮೈಕಿನಂಥ ಸಾಧನ) ಮೂಲಕ ಸ್ಪೀಕರಿಗೆ ಹೋಗುವಾಗ ಇನ್ನೊಂದು ಎಚ್ಚರ ಬೇಕು. ದೊಡ್ಡ ಪೆಟ್ಟಿಗೆಯ ಡ್ರೆಡ್‌ನಾಟ್ ಗಿಟಾರಿನೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಬಲವಾಗಿ ಕಂಪಿಸುತ್ತದೆ, 110 ಹರ್ಟ್ಸ್‌ನ ಐದನೆಯ ಓಪನ್ ತಂತಿ ಅದಕ್ಕೆ ಬಹಳ ಹತ್ತಿರ. ಗಾಯಕರು ಆಲಾಪದಲ್ಲಿರುವಾಗ, ಗಿಟಾರ್ ಕೈಯಲ್ಲಿ ಸುಮ್ಮನಿದ್ದರೂ, ಮಾನಿಟರಿನ (ವೇದಿಕೆಯಲ್ಲಿರುವವರಿಗಾಗಿ ಇಟ್ಟ ಸ್ಪೀಕರ್) ಸದ್ದಿಗೆ ಈ ತಂತಿ ತಾನಾಗಿ ಎದ್ದು ಫೀಡ್‌ಬ್ಯಾಕ್ (ಸ್ಪೀಕರಿನ ಕೂಗು) ಆರಂಭಿಸಬಲ್ಲದು. ನಾದರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕುವುದರಿಂದ ಇದು ತಗ್ಗುತ್ತದೆ. ಅದರ ಜೊತೆಗೆ, ನುಡಿಸದಿರುವ ಅಷ್ಟೂ ಹೊತ್ತು ನಾನು ಬಲಗೈ ಅಂಗೈಯನ್ನು ಬ್ರಿಡ್ಜಿನ ಬಳಿಯೂ ಎಡಗೈಯ ನಾಲ್ಕು ಬೆರಳುಗಳನ್ನು ಫ್ರೆಟ್‌ಗಳ ಮೇಲೂ ಇಟ್ಟುಕೊಂಡಿರುತ್ತೇನೆ. ಪಲ್ಲವಿ ಎತ್ತಿಕೊಳ್ಳುವಾಗ ಎಡಗೈ ಮೊದಲು ಕಾರ್ಡಿಗೆ ಹೋಗಿ ಕೂತ ಮೇಲಷ್ಟೇ ಬಲಗೈಯನ್ನು ಎತ್ತುತ್ತೇನೆ.