ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕನ್ನಡ ಓದಿಸುವ ಬಗೆ

ಮೂರನೇ ತರಗತಿಯ ಮಗುವಿಗೆ ಉಕ್ತಲೇಖನದಲ್ಲಿ ‘ಬಾಳೆಹಣ್ಣು’ ಅಂತ ಹೇಳಿದ್ದೀರಿ, ಅದು ‘ಬಳೆಹಣು’ ಅಂತ ಬರೆದಿದೆ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಹತ್ತು ಸಲ ಬರಿ’ ಅನ್ನುವುದು ರೂಢಿ. ಅದಕ್ಕೂ ಮುಂಚೆ ಆ ತಪ್ಪನ್ನೇ ಒಮ್ಮೆ ಓದಿ ನೋಡಿ. ಬ, ಳೆ, ಹ, ಣು ನಾಲ್ಕೂ ತಮ್ಮ ತಮ್ಮ ಜಾಗದಲ್ಲೇ ಇವೆ. ಬಿಟ್ಟುಹೋಗಿರುವುದು ಒಂದು ಇಳಿ, ಒಂದು ಒತ್ತು. ಅಂದರೆ ಅಕ್ಷರ ಗೊತ್ತಿದೆ. ‘ಬಾ’ದಲ್ಲಿ ದನಿ ಎಳೆಯುವುದು, ‘ಣ್ಣು’ವಿನಲ್ಲಿ ದನಿ ಒಂದು ಕ್ಷಣ ತಡೆದು ನಿಲ್ಲುವುದು ಮಗುವಿನ ಕಿವಿಗೆ ಬೇರೆಯಾಗಿ ಸಿಕ್ಕಿಲ್ಲ. ಹತ್ತು ಸಲ ನೋಡಿ ಬರೆದರೆ ಕೈ ಸೋಲುತ್ತದೆಯೇ ಹೊರತು ಕಿವಿ ಇದ್ದಲ್ಲೇ ಇರುತ್ತದೆ.

ಓದು-ಬರಹದ ತೊಡಕಾದ ಡಿಸ್ಲೆಕ್ಸಿಯಾದ ಮೂಲ ಇರುವುದು ಇಲ್ಲೇ. ಮಾತಿನೊಳಗಿನ ಸಣ್ಣ ದನಿಗಳನ್ನು ಬಿಡಿಸಿ ಹಿಡಿದು, ಬರಹದ ಗುರುತಿಗೆ ಥಟ್ಟನೆ ಜೋಡಿಸುವ ಕೆಲಸ ಈ ಮಕ್ಕಳಿಗೆ ಕಷ್ಟ. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮನೆತನದಲ್ಲಿ ಹರಿದು ಬರುವುದು ಹೆಚ್ಚು, ಹಾಗಾಗಿ ಎಷ್ಟೋ ಸಲ ಅಪ್ಪನೋ ಸೋದರಮಾವನೋ ಚಿಕ್ಕಂದಿನಲ್ಲಿ ಹೀಗೇ ಒದ್ದಾಡಿರುತ್ತಾರೆ. ಇದಕ್ಕೆ ಮಾತ್ರೆ ಇಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಓದು ಬರುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ. ಕೆಲಸ ಮಾಡುವುದು ದಿನವೂ ಸ್ವಲ್ಪ ಸ್ವಲ್ಪ, ಕಿವಿ ಮೊದಲು, ಕೈ ಆಮೇಲೆ, ಕಣ್ಣು ಕೊನೆಗೆ ಅನ್ನುವ ಕ್ರಮದ ಪಾಠ.

ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಗಟ್ಟಿಯಾಗಲು ಉಳಿದ ಮಕ್ಕಳಿಗೂ ನಾಲ್ಕನೇ ತರಗತಿಯವರೆಗೆ ಬೇಕಾಗುತ್ತದೆ. ಆದ್ದರಿಂದ ಒಂದನೇ ತರಗತಿಯ ಮಗು ಒತ್ತು ಬಿಟ್ಟರೆ ಗಾಬರಿ ಬೇಡ. ಎರಡನೇ ತರಗತಿ ಮುಗಿಯುತ್ತಾ ಬಂದರೂ ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯಿತು ಎಂದು ಹೇಳಲಾಗದಿದ್ದರೆ, ನಿನ್ನೆ ಓದಿದ ಪದವೇ ಇವತ್ತು ಹೊಸದಾಗಿ ಕಂಡರೆ, ಕೇಳಿದ ಕತೆಯನ್ನು ಸೊಗಸಾಗಿ ಹೇಳುವ ಮಗು ಅದನ್ನೇ ಓದಲು ಹೇಳಿದಾಗ ನೀರು ಕುಡಿಯಲು ಎದ್ದುಹೋದರೆ, ಗಮನ ಕೊಡಿ. ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು: ಮನೆಯಲ್ಲಿ ‘ಆಲು’, ‘ಅಣ್ಣು’ ಅನ್ನುವವರ ಮಗು ಹ ಬಿಟ್ಟು ಬರೆದರೆ, ಣ-ನ, ಳ-ಲ ಕೂಡಿಸಿಬಿಡುವ ಸೀಮೆಯ ಮಗು ‘ಹನ್ನು’ ಎಂದು ಬರೆದರೆ ಅದು ಆಡುಮಾತಿನ ಪ್ರಭಾವ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಬೇಕಾದ ಸಾಮಾನು

ಒಂದು ಹಿಡಿ ಹುಣಸೆ ಬೀಜ, ನಾಲ್ಕು ಬೆಂಕಿಕಡ್ಡಿ, ಅಂಚಿರುವ ಒಂದು ತಟ್ಟೆ, ಅದರಲ್ಲಿ ಅರ್ಧ ಬೆರಳು ದಪ್ಪ ಹರಡುವಷ್ಟು ಸಣ್ಣ ರವೆ, ಒಂದು ಸ್ಲೇಟು, ಅಂಗೈ ಅಗಲದ ಬಿಳಿ ಕಾರ್ಡುಗಳು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಭಾನುವಾರ ಎರಡೂವರೆ ಗಂಟೆ ಕೂರಿಸಿ ಸರಿದೂಗಿಸಲು ಆಗುವುದಿಲ್ಲ. ಅರ್ಧ ಗಂಟೆ ದಾಟಿದರೆ ಈ ಮಕ್ಕಳು ಓದುವುದು ಬಿಟ್ಟು ಊಹಿಸತೊಡಗುತ್ತಾರೆ. ಶಾಲೆಯಿಂದ ಬಂದು, ತಿಂಡಿ ತಿಂದು, ಒಂದಿಷ್ಟು ಆಡಿದ ಮೇಲೆ ಕೂರಿಸಿ.

ಅರ್ಧ ಗಂಟೆಯನ್ನು ಹೀಗೆ ಹಂಚಿ: ಐದು ನಿಮಿಷ ದನಿಯಾಟ, ಐದು ನಿಮಿಷ ಹಿಂದೆ ಕಲಿತದ್ದನ್ನು ಬರೆದಿಟ್ಟ ಹಳೆಯ ಕಾರ್ಡು, ಎಂಟು ನಿಮಿಷ ಹೊಸ ಪಾಠ, ಏಳು ನಿಮಿಷ ಓದು, ಐದು ನಿಮಿಷ ಬರಹ.

ದನಿಯಾಟ

ಪುಸ್ತಕ ಮುಚ್ಚಿಡಿ. ‘ಮಾವಿನಮರ’ ಅನ್ನಿ, ಮಗು ಒಂದೊಂದು ಅಕ್ಷರಕ್ಕೆ ಒಂದೊಂದು ಹುಣಸೆ ಬೀಜ ಇಡಲಿ. ಐದು ಬೀಜ. ಈಗ ಕೊನೆಯ ಎರಡನ್ನು ತೆಗೆದರೆ ಏನು? ಇದು ಬಂದ ಮೇಲೆ ಬೆಂಕಿಕಡ್ಡಿ ತನ್ನಿ: ದನಿ ಎಳೆದರೆ ಬೀಜದ ಪಕ್ಕ ಕಡ್ಡಿ. ಬಳೆ-ಬಾಳೆ, ಕರು-ಕಾರು, ಕೊಡು-ಕೋಡು. ಜೋಡಿಯ ಎರಡೂ ಪದಕ್ಕೆ ಅರ್ಥ ಇರಲೇಬೇಕು. ಆಗಲೇ ಮಗುವಿಗೆ ಈ ಎಳೆತ ಯಾಕೆ ಬೇಕು ಅನ್ನುವುದು ಹೊಳೆಯುವುದು. ಮೂರನೆಯದು ತಡೆದು ನಿಲ್ಲುವ ದನಿ: ಕತೆ-ಕತ್ತೆ, ಬಳಿ-ಬಳ್ಳಿ, ಎಲೆ-ಎಲ್ಲೆ. ತಡೆಯುವಲ್ಲಿ ಎರಡು ಅಂಗೈ ಒತ್ತಿ ಹಿಡಿಯಲಿ. ಮೈಗೆ ತಿಳಿದದ್ದು ಕಿವಿಗೆ ಬೇಗ ತಿಳಿಯುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಅಕ್ಷರವನ್ನೇ ಎರಡಾಗಿ ಒಡೆಯುವುದು. ನಮ್ಮ ಲಿಪಿಯಲ್ಲಿ ‘ಕಿ’ ಒಂದೇ ಅಕ್ಷರವಾಗಿ ಕಾಣುವುದರಿಂದ ಅದರೊಳಗೆ ಕ್ ಮತ್ತು ಇ ಇವೆ ಎಂದು ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ‘ಮೀ’ ಎಂದು ಉಸಿರು ಮುಗಿಯುವತನಕ ಎಳೆಯಲು ಹೇಳಿ, ಕೊನೆಗೆ ಬಾಯಲ್ಲಿ ಉಳಿದದ್ದು ಏನು ಎಂದು ಕೇಳಿ. ‘ಈ’ ಅನ್ನುತ್ತದೆ. ಈ ಒಂದು ಉತ್ತರ ಬಂದ ಮೇಲೆಯೇ ಕಾಗುಣಿತ ಶುರು ಮಾಡಿ.

ಅಕ್ಷರ ಮತ್ತು ಕಾಗುಣಿತ

ಅ ಆ ಇ ಈ ಕ್ರಮದಿಂದ ಹೊರಟರೆ ಐವತ್ತು ಅಕ್ಷರ ಮುಗಿಯುವತನಕ ಒಂದು ಪದವೂ ಕೈಗೆ ಸಿಗುವುದಿಲ್ಲ. ನಮ್ಮ ಶಾಲೆಗಳ ‘ರ ಗ ಸ ದ ಅ’ ಕ್ರಮ ಇದಕ್ಕಿಂತ ಎಷ್ಟೋ ವಾಸಿ; ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಆಗುತ್ತವೆ. ಮುಂದಿನ ಗುಂಪು ‘ಜ ವ ಮ ಬ ನ’. ಇಲ್ಲಿ ಮಾತ್ರ ವ ಮತ್ತು ಮ ಒಟ್ಟಿಗೆ ಬರುತ್ತವೆ, ನೋಡಲು ಅಣ್ಣತಮ್ಮಂದಿರು. ಒಂದನ್ನು ಕಲಿಸಿ, ಅದು ನಿದ್ದೆಗಣ್ಣಲ್ಲೂ ಬರುವಂತಾದ ಮೇಲೆ ಎರಡು ವಾರ ಬಿಟ್ಟು ಇನ್ನೊಂದನ್ನು ತನ್ನಿ. ನ-ಸ, ಪ-ಷ, ಎ-ಏ ಜೋಡಿಗಳಿಗೂ ಇದೇ ನಿಯಮ. ‘ಇದು ವ, ಅದು ಮ, ವ್ಯತ್ಯಾಸ ನೋಡು’ ಎಂದು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ.

ಹೊಸ ಅಕ್ಷರವನ್ನು ರವೆಯಲ್ಲಿ ಎರಡು ಬೆರಳಿಂದ ದೊಡ್ಡದಾಗಿ ಬರೆಸಿ, ಬರೆಯುವಾಗ ಮಗು ಅದರ ದನಿ ಹೇಳುತ್ತಲೇ ಇರಬೇಕು. ಬಾಯಿ ಮುಚ್ಚಿ ಬರೆದರೆ ಅದು ರಂಗೋಲಿ ಆಗುತ್ತದೆ. ರವೆಯಲ್ಲಿ ಐದು ಸಲ, ಕಣ್ಣು ಮುಚ್ಚಿ ಎರಡು ಸಲ, ಸ್ಲೇಟಿನಲ್ಲಿ ಮೂರು ಸಲ. ಸಾಕು.

ಕಾಗುಣಿತದಲ್ಲಿ ಎಡವುವುದು ಬಾಯಿಪಾಠದಿಂದ. ‘ಮ ತಲೆಕಟ್ಟು ಮ, ಮ ಇಳಿ ಮಾ, ಮ ಗುಡಿಸು ಮಿ’ ಎಂದು ಒಂದೇ ಉಸಿರಿಗೆ ಒಪ್ಪಿಸುವ ಮಗುವಿಗೆ ‘ಮೇ’ ಕಾರ್ಡು ತೋರಿಸಿ. ಅದರ ತುಟಿ ನೋಡುತ್ತಿರಿ: ಮ, ಮಾ, ಮಿ, ಮೀ ಎಂದು ಮೊದಲಿಂದ ಗುನುಗಿಕೊಂಡು ಬಂದು, ದಾರಿಯಲ್ಲಿ ಎಲ್ಲೋ ತಪ್ಪಿ ‘ಮೆ’ ಅನ್ನುತ್ತದೆ. ಸಾಲು ಬಂದಿದೆ, ಗುರುತು ಬಂದಿಲ್ಲ. ಆದ್ದರಿಂದ ಸಾಲಿನಲ್ಲಿ ಅಡ್ಡ ಹೋಗಬೇಡಿ, ಕಂಬದಂತೆ ಕೆಳಕ್ಕೆ ಹೋಗಿ. ಒಂದು ವಾರ ಪೂರ್ತಿ ಗುಡಿಸು ಮಾತ್ರ: ಗಿ, ರಿ, ಸಿ, ದಿ, ನಿ, ಬಿ. ಇನ್ನೊಂದು ವಾರ ಕೊಂಬು. ಪು, ವು, ಯಿ, ಮೊ ಇವುಗಳಲ್ಲಿ ಗುರುತು ಕೂಡುವ ರೀತಿಯೇ ಬೇರೆ. ಅವನ್ನು ಕೊನೆಗೆ ಉಳಿಸಿ, ಬೇರೆ ಬಣ್ಣದ ಕಾರ್ಡಿನಲ್ಲಿ ಬರೆದು ಹೇಳಿಕೊಡಿ.

ಮಹಾಪ್ರಾಣಕ್ಕೆ ಅವಸರ ಬೇಡ. ಆಡುಮಾತಿನಲ್ಲಿ ನಾವೇ ಅದನ್ನು ಸರಿಯಾಗಿ ಉಚ್ಚರಿಸುವುದು ಅಪರೂಪ, ಹಾಗಾಗಿ ಕಿವಿಯ ಸಹಾಯ ಸಿಗುವುದಿಲ್ಲ. ಭೂಮಿ, ಧನ, ಖಾರ, ಫಲ, ಛತ್ರಿ ಹೀಗೆ ಹತ್ತಿಪ್ಪತ್ತು ಪದಗಳನ್ನು ಇಡಿಯಾಗಿ ಗುರುತು ಹಿಡಿಸಿದರೆ ಆಯಿತು.

ಒತ್ತಕ್ಷರ

ಹೆಚ್ಚಿನ ಮಕ್ಕಳು ನಿಂತುಬಿಡುವುದು ಇಲ್ಲಿ, ಅದಕ್ಕೆ ಸರಿಯಾದ ಕಾರಣವೂ ಇದೆ. ‘ಆಸ್ತಿ’ ಪದವನ್ನು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು ನೋಡಿ. ಗುಡಿಸು ಇರುವುದು ಮೇಲಿನ ಸ ಮೇಲೆ. ಆದರೆ ಇ ದನಿ ಬರುವುದು ಕೆಳಗಿನ ತ ಆದ ಮೇಲೆ. ಕಂಡದ್ದನ್ನು ಕಂಡ ಹಾಗೆ ಓದುವ ಮಗು ‘ಆಸಿತ’ ಅನ್ನುತ್ತದೆ. ‘ಶಕ್ತಿ’ ಅದರ ಬಾಯಲ್ಲಿ ‘ಶಕಿತ’. ಅದನ್ನು ಅಜಾಗರೂಕತೆ ಅನ್ನಬೇಡಿ, ಮಗು ಲಿಪಿಗೆ ನಿಷ್ಠವಾಗಿಯೇ ಓದಿದೆ. ಹೇಳಿಕೊಡಬೇಕಾದ ನಿಯಮ ಒಂದೇ: ಮೇಲಿನದನ್ನು ಅರ್ಧ ಮಾಡು, ಕೆಳಗಿನದನ್ನು ಹೇಳು, ಗುಣಿತವನ್ನು ಕೆಳಗಿನದಕ್ಕೆ ಕೊಡು. ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದು, ಮತ್ತೆ ಮೇಲಿನ ಗುಡಿಸಿಗೆ ತರುತ್ತಾ ‘ಸ್, ತ್, ಇ’ ಎಂದು ಹೇಳಿಸಿ, ಆಮೇಲೆ ‘ಸ್ತಿ’.

ಶುರು ಮಾಡುವುದು ಸಜಾತಿ ಒತ್ತಿನಿಂದ: ಅಕ್ಕ, ಅಜ್ಜ, ಹಗ್ಗ, ಕಬ್ಬು, ಬೆಟ್ಟ. ಇವುಗಳ ಒತ್ತು ಮೂಲ ಅಕ್ಷರದ ತಲೆಕಟ್ಟು ಕಳೆದ ರೂಪದಂತೆಯೇ ಇರುವುದರಿಂದ ಗುರುತು ಸುಲಭ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲವನ್ನು ಹೋಲುವುದೇ ಇಲ್ಲ. ಇವಕ್ಕೆ ಒಂದೊಂದು ವಾರ ಕೊಡಿ, ಒಂದೊಂದಕ್ಕೂ ಮನೆಮಾತಿನ ಪದ ಕಟ್ಟಿ: ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ‘ಸೂರ್ಯ’ದಲ್ಲಿ ಕನ್ನಡದ ಒಂಬತ್ತರಂಥ ಗುರುತು ಯ ಆದ ಮೇಲೆ ಕೂತಿದೆ, ದನಿ ಮಾತ್ರ ಯಕ್ಕಿಂತ ಮುಂಚೆ. ಆ ಗುರುತಿನಿಂದ ಹಿಂದಕ್ಕೆ ಒಂದು ಬಾಣ ಬರೆದುಕೊಡಿ. ಮಗು ತಾನೇ ಬೇಡ ಅನ್ನುವತನಕ ಬಾಣ ಇರಲಿ.

ಓದು

ಕನ್ನಡದ ಪದಗಳು ಬಾಲ ಬೆಳೆಸಿಕೊಳ್ಳುತ್ತವೆ. ‘ಮನೆಯವರಿಗೆಲ್ಲ’, ‘ಹೋಗಬೇಕಾಗಿತ್ತು’ ಓದುತ್ತಾ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಎಂಬುದೇ ಮರೆತುಹೋಗುತ್ತದೆ. ಅನ್ನು, ಇಂದ, ಗೆ, ಅಲ್ಲಿ, ಗಳು, ಬೇಕು, ಇತ್ತು ಇವನ್ನು ಕಾರ್ಡು ಮಾಡಿ ಒಂದೇ ನೋಟಕ್ಕೆ ಗುರುತಿಸುವಂತೆ ಮಾಡಿ. ಆಮೇಲೆ ಪಾಠದ ಉದ್ದ ಪದಗಳಿಗೆ ಪೆನ್ಸಿಲಿನಿಂದ ಗೆರೆ ಹಾಕಿ ಕಡಿಯುವ ಕೆಲಸ ಮಗುವಿಗೇ ಕೊಡಿ.

ನೀವೂ ಮಗುವೂ ಒಟ್ಟಿಗೆ ದನಿಯೆತ್ತಿ ಓದಿ, ಮಗುವಿನ ವೇಗದಲ್ಲಿ. ಮಗು ನಿಮ್ಮ ಕೈ ತಟ್ಟಿದರೆ ನೀವು ನಿಲ್ಲಿಸಿ, ಅದು ಒಂಟಿಯಾಗಿ ಮುಂದುವರಿಯಲಿ. ತಡವರಿಸಿದರೆ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಬರದಿದ್ದರೆ ಪದ ಹೇಳಿಕೊಟ್ಟು, ಒಮ್ಮೆ ಹೇಳಿಸಿ, ಮತ್ತೆ ಜೊತೆಗೂಡಿ. ಬೈಗುಳ, ‘ನಿನ್ನೆ ತಾನೇ ಹೇಳಿಕೊಟ್ಟೆ’ ಎಂಬ ಮಾತು ಎರಡೂ ಬೇಡ. ನಿನ್ನೆ ಬಂದದ್ದು ಇವತ್ತು ಹೋಗುವುದೇ ಈ ತೊಂದರೆಯ ಲಕ್ಷಣ. ಪುಟದಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಪದ ತಪ್ಪಿದರೆ ಆ ಪುಸ್ತಕ ಇನ್ನೂ ಭಾರ, ಕೆಳಗಿನ ತರಗತಿಯದು ತನ್ನಿ.

ಮಲಗುವ ಮುಂಚೆ ನೀವು ಓದಿ ಹೇಳುವ ಕತೆ ಈ ಅರ್ಧ ಗಂಟೆಗೆ ಸೇರಿದ್ದಲ್ಲ. ಅದು ಮಗುವಿನ ವಯಸ್ಸಿಗೆ ತಕ್ಕ, ಮೇಲ್ಮಟ್ಟದ ಕತೆಯೇ ಇರಲಿ. ಓದು ಹಿಂದೆ ಬಿದ್ದ ಮಗುವಿನ ಪದಸಂಪತ್ತು, ಲೋಕಜ್ಞಾನ ಹಿಂದೆ ಬೀಳದಂತೆ ಕಾಯುವುದು ಅದೇ.

ಮನೆ, ಶಾಲೆ, ಕಾಗದಪತ್ರ

ಹೋಂವರ್ಕಿಗೆ ಗಡಿಯಾರ ಇಡಿ. ಮೂರನೇ ತರಗತಿಗೆ ಅರ್ಧ ಗಂಟೆ, ಅಷ್ಟಕ್ಕೆ ನಿಲ್ಲಿಸಿ ‘ಇಷ್ಟು ಹೊತ್ತು ಮಾಡಿದ್ದಾನೆ’ ಎಂದು ಬರೆದು ಸಹಿ ಹಾಕಿ. ಅಜ್ಜಿ ತಾತನಿಗೆ ಬಿಡಿಸಿ ಹೇಳಿ. ‘ನಿನ್ನ ತಂಗಿ ನೋಡು’ ಎಂಬ ಮಾತು ಆ ಮನೆಯಲ್ಲಿ ನಿಲ್ಲಲೇಬೇಕು. ಮಗುವಿಗೂ ಹೆಸರು ಹಿಡಿದು ಹೇಳಿ: ‘ನಿನಗೆ ಬುದ್ಧಿ ಇದೆ, ಅಕ್ಷರ ಮಾತ್ರ ನಿನಗೆ ಬೇರೆ ದಾರಿಯಲ್ಲಿ ಬರುತ್ತದೆ, ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ.’ ಹೆಸರು ಮುಚ್ಚಿಟ್ಟರೆ ಮಗು ತಾನೇ ‘ದಡ್ಡ’ ಎಂಬ ಹೆಸರಿಟ್ಟುಕೊಳ್ಳುತ್ತದೆ.

ಶಿಕ್ಷಕರ ಬಳಿ ‘ಸ್ವಲ್ಪ ಗಮನ ಕೊಡಿ’ ಎಂದು ಕೇಳಿದರೆ ಏನೂ ಆಗದು. ಬಿಡಿಬಿಡಿಯಾಗಿ ಕೇಳಿ: ಮುನ್ಸೂಚನೆ ಇಲ್ಲದೆ ತರಗತಿಯಲ್ಲಿ ಎದ್ದು ಓದಿಸಬಾರದು, ಓದಿಸುವ ಪ್ಯಾರಾ ಹಿಂದಿನ ದಿನವೇ ತಿಳಿಸಬೇಕು, ಸಮಾಜ, ವಿಜ್ಞಾನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು, ಪ್ರಶ್ನೆಯನ್ನು ಒಮ್ಮೆ ಓದಿ ಹೇಳಬೇಕು, ಬೋರ್ಡಿನ ಬರಹದ ಪ್ರತಿ ಕೊಡಬೇಕು.

ಮಗುವಿಗೆ 8 ವರ್ಷ ತುಂಬಿದ ಮೇಲೆ ವಿಧ್ಯುಕ್ತ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಕನ್ನಡದಲ್ಲೇ ಮಾತಾಡಿ ಪರೀಕ್ಷಿಸುವವರು ಸಿಗುತ್ತಾರೆ. ಹೋಗುವಾಗ ಮಗುವಿನ ಮೂರು ತಿಂಗಳ ನೋಟ್‌ಬುಕ್ಕು, ಅಂಕಪಟ್ಟಿ, ಕಣ್ಣು-ಕಿವಿಯ ವರದಿ ಒಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಲಿಖಿತ ಪರೀಕ್ಷೆಗೆ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಎಸ್‌ಎಸ್‌ಎಲ್‌ಸಿಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಭಾಷಾ ವಿನಾಯಿತಿ ಕೇಳಬೇಕಾದರೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರೊಂದಿಗೆ ಕೂತು ಕಾಗದಗಳನ್ನು ಹೊಂದಿಸಿಕೊಳ್ಳಿ. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಓಡಾಡುವವರ ಕೈಗೆ ಪ್ರಮಾಣಪತ್ರ ಸಿಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ.

ಹದಿನೈದು ದಿನಕ್ಕೊಮ್ಮೆ, ಮೊದಲು ನೋಡಿರದ ಒಂದು ಪ್ಯಾರಾವನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ, ದಿನಾಂಕ ಹಾಕಿ ಬರೆದಿಡಿ. ಮೂರು ಎಣಿಕೆಗಳಲ್ಲೂ ಏರದಿದ್ದರೆ ಅವಧಿ ಹೆಚ್ಚಿಸಬೇಡಿ. ಹಳೆಯ ಕಾರ್ಡುಗಳನ್ನು ಕಲಸಿ ತೋರಿಸಿ, ಮೂರು ಸೆಕೆಂಡಿನೊಳಗೆ ಬರದವನ್ನು ಬೇರೆ ಇಡಿ. ಮರುದಿನದ ಪಾಠ ಆ ರಾಶಿಯಿಂದಲೇ ಶುರುವಾಗಲಿ.